ಕಾರಿನ ಬಣ್ಣಕ್ಕೆ ಹೊಂದುವ ಸ್ಪ್ರೇ ಪೇಂಟ್: ಕೋಡ್ ಹುಡುಕುವುದರಿಂದ ಕ್ಲಿಯರ್ ಕೋಟ್‌ವರೆಗೆ

"ಬಿಳಿ ಕಾರಿಗೆ ಬಿಳಿ ಸ್ಪ್ರೇ ತಂದು ಹೊಡೆದೀನ್ರಿ, ಆದ್ರೂ ತೇಪಿ ಹಚ್ಚಿದಂಗ ಕಾಣ್ತದ, ಯಾಕ?" ಬಳ್ಳಾರಿ, ರಾಯಚೂರು, ಕೊಪ್ಪಳದ ಓದುಗರು ಇದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಒಂದೇ ಕಂಪನಿಯ ಬಿಳಿಯಲ್ಲೇ ಎರಡು ಮೂರು ತರ ಇರುತ್ತವೆ. ಅದರ ಮೇಲೆ ನಮ್ಮ ಬಿಸಿಲು, ಅದಿರಿನ ಧೂಳು ಕೆಲವು ವರ್ಷ ಕೆಲಸ ಮಾಡಿದರೆ ಫ್ಯಾಕ್ಟರಿಯಿಂದ ಬಂದ ಬಿಳಿ ಹಾಗೆಯೇ ಉಳಿದಿರುವುದಿಲ್ಲ. ಕಲರ್ ಕೋಡ್, ಅಂದರೆ ಕಂಪನಿ ಆ ಬಣ್ಣಕ್ಕೆ ಕೊಟ್ಟ ಗುರುತಿನ ಸಂಖ್ಯೆ, ನಿಮ್ಮನ್ನು ಬಣ್ಣದ ಹತ್ತಿರಕ್ಕೆ ಒಯ್ಯುತ್ತದೆ, ಉಳಿದ ಗೇಣುದ್ದದ ದಾರಿಯನ್ನು ತಗಡಿನ ತುಂಡಿನ ಮೇಲೆ ಪರೀಕ್ಷೆಯ ಪಟ್ಟಿ ಹೊಡೆದು ನೋಡಿಯೇ ಮುಗಿಸಬೇಕು. ಹೆಚ್ಚಿನವರು ಕೈಬಿಡುವುದೂ ಆ ಪಟ್ಟಿಯನ್ನೇ.

ಡಬ್ಬಿ ಕೊಳ್ಳುವ ಮುಂಚೆ

ಗೀರಿನ ಮೇಲೆ ನೀರು ಚಿಮುಕಿಸಿ ನೋಡಿ. ಒದ್ದೆಯಾದಾಗ ಗೀರು ಮಾಯವಾಗಿ, ಒಣಗಿದಾಗ ಮತ್ತೆ ಕಂಡರೆ ಪೆಟ್ಟು ಬಿದ್ದಿರುವುದು ಕ್ಲಿಯರ್ ಕೋಟಿಗೆ ಮಾತ್ರ. ಬಣ್ಣದ ಮೇಲೆ ಹೊಳಪಿಗೂ ರಕ್ಷಣೆಗೂ ಹೊಡೆದಿರುವ, ಗಾಜಿನಂತೆ ಪಾರದರ್ಶಕವಾದ ಪದರವೇ ಕ್ಲಿಯರ್ ಕೋಟ್. ಅಂಥ ಗೀರಿಗೆ ರಬ್ಬಿಂಗ್ ಕಾಂಪೌಂಡ್, ಅಂದರೆ ಮೇಲ್ಮೈ ಉಜ್ಜಿ ನಯ ಮಾಡುವ ಪೇಸ್ಟ್, ಸಾಕು, ಬಣ್ಣ ಬೇಡ. ಗೇಟಿಗೋ ಇನ್ನೊಂದು ಗಾಡಿಗೋ ಸವರಿ ಅವರ ಬಣ್ಣ ನಿಮ್ಮ ಬಂಪರಿಗೆ ಅಂಟಿದ್ದರೂ ಮೊದಲು ಕಾಂಪೌಂಡ್ ಹಚ್ಚಿ ಉಜ್ಜಿ. ದೊಡ್ಡ ಗೀರು ಎಂದುಕೊಂಡದ್ದು ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಉಗುರು ಎಳೆದಾಗ ಸಿಕ್ಕಿಕೊಂಡರೆ, ಒಳಗೆ ಬೂದು ಪ್ರೈಮರ್ (ಬಣ್ಣ ಹಿಡಿಯಲೆಂದು ಅದರ ಕೆಳಗೆ ಹೊಡೆಯುವ ಪದರ), ಕಪ್ಪು ಪ್ಲಾಸ್ಟಿಕ್ ಅಥವಾ ತಗಡು ಕಂಡರೆ ಮಾತ್ರ ಮುಂದಿನ ಹಂತಗಳಿಗೆ ಬನ್ನಿ.

ಯಾವ ಭಾಗಕ್ಕೆ ಕೈ ಹಾಕಬೇಕು ಎಂಬುದನ್ನೂ ಈಗಲೇ ನಿರ್ಧರಿಸಿ. ಮಿರರ್ ಕವರ್, ಬಂಪರಿನ ಮೂಲೆ, ಬಾಗಿಲಿನ ಹಿಡಿ, ಚಕ್ರದ ಕಮಾನಿನ ಅಂಚು ಇವೆಲ್ಲ ಸ್ಪ್ರೇ ಡಬ್ಬಿಗೆ ಒಗ್ಗುತ್ತವೆ. ಬಾನೆಟ್, ಟಾಪ್, ಬಾಗಿಲಿನ ನಟ್ಟನಡು ಒಗ್ಗುವುದಿಲ್ಲ. ಚಪ್ಪಟೆಯಾದ ದೊಡ್ಡ ಜಾಗದಲ್ಲಿ ಸಣ್ಣ ವ್ಯತ್ಯಾಸವೂ ಎದ್ದು ಕಾಣುತ್ತದೆ.

ಹಂತ 1: ಕೋಡ್ ಹುಡುಕಿ, ಹೆಸರು ನಂಬಬೇಡಿ

ಆರ್‌ಸಿಯಲ್ಲಿ ಬಣ್ಣದ ಹೆಸರಿರುತ್ತದೆ, ಅದರಿಂದ ಪೇಂಟ್ ಕಲಸಲು ಆಗುವುದಿಲ್ಲ. ಬೇಕಾದದ್ದು ಕಂಪನಿಯ ಕಲರ್ ಕೋಡ್. ಅದು ಗಾಡಿಯ ಮೇಲೆಯೇ ತಗಡಿನ ಫಲಕದಲ್ಲೋ ಸ್ಟಿಕ್ಕರಿನಲ್ಲೋ ಇರುತ್ತದೆ. ಬಾನೆಟ್ ಎತ್ತಿ ಎಂಜಿನ್ನಿನ ಹಿಂದಿನ ತಗಡು ಗೋಡೆಯನ್ನು ನೋಡಿ, ಮುಂದಿನ ಬಾಗಿಲು ತೆಗೆದು ಕಂಬದ ಮೇಲೆ ನೋಡಿ. ಹೋಂಡಾ ಗಾಡಿಗಳಲ್ಲಿ ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಕಂಬದಲ್ಲಿರುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಆದರೆ ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯ ಹತ್ತಿರ, ಸರ್ವೀಸ್ ಪುಸ್ತಕದಲ್ಲೂ ಇರುತ್ತದೆ. ಟೊಯೋಟಾ ಫಲಕದಲ್ಲಿ ಸಿ/ಟಿಆರ್ ಎಂಬ ಸಾಲಿನ ಮೊದಲ ಭಾಗ ಬಣ್ಣದ್ದು, ಎರಡನೆಯದು ಒಳಗಿನ ಸೀಟಿನ ಬಣ್ಣದ್ದು. ಎರಡನ್ನೂ ಸೇರಿಸಿ ಓದಿ ಅಂಗಡಿಯವರಿಗೆ ಹೇಳಿದರೆ ಏನೂ ಸಿಗುವುದಿಲ್ಲ.

ಕೋಡುಗಳು ಹೀಗಿರುತ್ತವೆ: ಮಾರುತಿಯ ಸಿಲ್ಕಿ ಸಿಲ್ವರ್ ಝಡ್2ಎಸ್, ಹೋಂಡಾದ ಟಾಫೆಟಾ ವೈಟ್ ಎನ್‌ಎಚ್-578, ಫೋಕ್ಸ್‌ವ್ಯಾಗನ್ ಕ್ಯಾಂಡಿ ವೈಟ್ ಎಲ್‌ಬಿ9ಎ, ಟೊಯೋಟಾದ ಸೂಪರ್ ವೈಟ್ 040. ಇದೇ ಟೊಯೋಟಾದಲ್ಲಿ 070 ಕೂಡ ಬಿಳಿಯೇ, ಆದರೆ ಅದು ಪರ್ಲ್, ಅಂದರೆ ಮುತ್ತಿನಂತೆ ಮಿನುಗುವ ಬಿಳಿ. 040 ಡಬ್ಬಿ ತಂದು 070 ಗಾಡಿಗೆ ಹೊಡೆದರೆ ಸುಣ್ಣ ಬಳಿದ ಹಾಗೆ ಕಾಣುತ್ತದೆ. ಮಾರುತಿಯಲ್ಲೂ ಸುಪೀರಿಯರ್ ವೈಟ್ ಬೇರೆ, ಪರ್ಲ್ ಆರ್ಕ್ಟಿಕ್ ವೈಟ್ ಬೇರೆ.

ಫಲಕ ಅಳಿಸಿದ್ದರೆ ಅಥವಾ ಅದರಲ್ಲಿ ಕೋಡ್ ಇಲ್ಲದಿದ್ದರೆ ಚಾಸಿಸ್ ನಂಬರ್ ತೆಗೆದುಕೊಂಡು ನಿಮ್ಮ ಕಂಪನಿಯ ಶೋರೂಮಿನ ಪಾರ್ಟ್ಸ್ ಕೌಂಟರಿಗೆ ಹೋಗಿ. ಆ ನಂಬರಿನಿಂದ ಕೋಡ್ ತೆಗೆಯಬಹುದು. ಎರಡು ಬಣ್ಣದ ಗಾಡಿಯಾದರೆ ಟಾಪಿನ ಕೋಡ್ ಬೇರೆ ಇರುತ್ತದೆ, ಎರಡನ್ನೂ ಕೇಳಿ. ಹಳೆ ಗಾಡಿ ಕೊಂಡವರು ಇನ್ನೊಂದು ವಿಷಯ ನೋಡಬೇಕು. ನಿಮಗೆ ಬೇಕಾದ ಭಾಗ ಒಮ್ಮೆ ರೀಪೇಂಟ್ ಆಗಿದ್ದರೆ ಕೋಡ್ ಅಷ್ಟು ನೆರವಿಗೆ ಬರುವುದಿಲ್ಲ. ರಬ್ಬರ್ ಬೀಡಿಂಗಿನ ಅಂಚಿನಲ್ಲಿ ಬಣ್ಣ ಹಾರಿದ ಗುರುತಿದ್ದರೆ ರೀಪೇಂಟ್ ಆಗಿದೆ ಎಂದೇ ತಿಳಿಯಿರಿ.

ಚಕ್ರದ ರಿಮ್, ಬಂಪರಿನ ಕೆಳಗಿನ ಕಪ್ಪು ಭಾಗ, ವೈಪರ್ ತೋಳು ಇವುಗಳಿಗೆ ಬಾಡಿಯ ಕೋಡ್ ಸಂಬಂಧವಿಲ್ಲ. ಅವಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ವೀಲ್ ಸಿಲ್ವರ್, ಮ್ಯಾಟ್ ಬ್ಲ್ಯಾಕ್ ರೆಡಿ ಡಬ್ಬಿ ನಡೆಯುತ್ತದೆ.

ಹಂತ 2: ಬಣ್ಣದ ಜಾತಿ ತಿಳಿಯಿರಿ

ಮೂರು ಜಾತಿ. ಸಾಲಿಡ್ ಎಂದರೆ ಹೊಳೆಯುವ ಕಣಗಳಿಲ್ಲದ ನೇರ ಬಣ್ಣ. ಮೆಟಾಲಿಕ್‌ನಲ್ಲಿ ಅಲ್ಯೂಮಿನಿಯಂ ಚೂರುಗಳಿರುತ್ತವೆ. ಪರ್ಲ್‌ನಲ್ಲಿ ಅಭ್ರಕದ ಕಣಗಳಿರುತ್ತವೆ, ಬೆಳಕು ಬೀಳುವ ಕೋನ ಬದಲಾದಂತೆ ಛಾಯೆಯೂ ಬದಲಾಗುತ್ತದೆ.

ಸಾಲಿಡ್ ಬಣ್ಣದ ಗಾಡಿಯಾದರೆ ಮರೆಯಾದ ಒಂದು ಮೂಲೆಯಲ್ಲಿ ಬಟ್ಟೆಗೆ ಕಾಂಪೌಂಡ್ ಹಚ್ಚಿ ಉಜ್ಜಿ. ಬಟ್ಟೆಗೆ ಬಣ್ಣ ಬಂದರೆ ಕ್ಲಿಯರ್ ಇಲ್ಲದ ಒಂದೇ ಪದರದ ಪೇಂಟ್, ಬರದಿದ್ದರೆ ಮೇಲೆ ಕ್ಲಿಯರ್ ಇದೆ. ಬಿಳಿ ಗಾಡಿಗೆ ಕಪ್ಪು ಬಟ್ಟೆ ಬಳಸಿ. ಮೆಟಾಲಿಕ್, ಪರ್ಲ್ ಎರಡಕ್ಕೂ ಕ್ಲಿಯರ್ ಕೋಟ್ ಇದ್ದೇ ಇರುತ್ತದೆ, ಹೊಡೆಯಲೇಬೇಕು.

ಪರ್ಲ್ ಬಿಳಿ ಸಾಮಾನ್ಯವಾಗಿ ಮೂರು ಪದರದ ಕೆಲಸ: ಕೆಳಗೆ ಬಿಳಿ ಬೇಸ್, ನಡುವೆ ಅರೆಪಾರದರ್ಶಕ ಪರ್ಲ್, ಮೇಲೆ ಕ್ಲಿಯರ್. ನಡುವಿನ ಪದರ ಒಂದು ಕೈ ಹೆಚ್ಚಾದರೆ ಹಳದಿ, ಒಂದು ಕೈ ಕಡಿಮೆಯಾದರೆ ಪೇಲವ. ಮಿರರ್ ಕವರಿಗಿಂತ ದೊಡ್ಡ ಭಾಗವಾದರೆ ಇದನ್ನು ಡಬ್ಬಿಯಲ್ಲಿ ಮಾಡಲು ಹೋಗದಿರುವುದೇ ಒಳ್ಳೆಯದು. ತಿಳಿ ಸಿಲ್ವರ್ ಕೂಡ ಹಠಮಾರಿ ಬಣ್ಣವೇ. ಕಪ್ಪು ಸಾಲಿಡ್, ಬಿಳಿ ಸಾಲಿಡ್, ಗಾಢ ನೀಲಿ ಸುಲಭ.

ಹಂತ 3: ಗಾಡಿಯ ನಿಜವಾದ ಬಣ್ಣವನ್ನು ಹೊರತನ್ನಿ

ಈ ಹಂತ ಬೇರೆ ಊರಿನವರಿಗಿಂತ ನಮಗೇ ಹೆಚ್ಚು ಬೇಕು. ಸಂಡೂರಿನ ಗಣಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಗಿಣಿಗೇರಾ ಕಡೆಯ ಸ್ಪಾಂಜ್ ಐರನ್ ಘಟಕಗಳ ಸುತ್ತ ಓಡಾಡುವ ಗಾಡಿಗಳ ಮೇಲೆ ಕಬ್ಬಿಣದ ಸಣ್ಣ ಕಣಗಳು ಕೂತು, ಕ್ಲಿಯರ್ ಕೋಟಿನೊಳಗೆ ಕಚ್ಚಿಕೊಂಡು ತುಕ್ಕು ಹಿಡಿಯುತ್ತವೆ. ಬಿಳಿ, ಸಿಲ್ವರ್ ಗಾಡಿಗಳಲ್ಲಿ ಇವು ಕಿತ್ತಳೆ ಚುಕ್ಕೆಗಳಾಗಿ ಕಾಣುತ್ತವೆ, ಒಟ್ಟು ಬಣ್ಣವೇ ಕೆಂಪಿನ ಕಡೆ ವಾಲುತ್ತದೆ. ಈ ಕೊಳೆಗೆ ಹೊಂದುವ ಬಣ್ಣ ಕಲಸಿಕೊಂಡು ಬಂದರೆ, ಮುಂದೊಂದು ದಿನ ಗಾಡಿ ಪಾಲಿಶ್ ಮಾಡಿಸಿದಾಗ ಹೊಸ ತೇಪೆ ಒಂದೇ ಕೆಂಪಾಗಿ ಉಳಿಯುತ್ತದೆ.

ಶಾಂಪೂ ಹಾಕಿ ತೊಳೆದ ಮೇಲೆ ಐರನ್ ರಿಮೂವರ್ ಸಿಂಪಡಿಸಿ. ಕಬ್ಬಿಣ ಸಿಕ್ಕ ಕಡೆ ದ್ರವ ನೇರಳೆಯಾಗಿ ಇಳಿಯುತ್ತದೆ. ನೆರಳಲ್ಲಿ, ಪ್ಯಾನೆಲ್ ತಣ್ಣಗಿದ್ದಾಗ ಮಾಡಿ. ಒಣಗಲು ಬಿಡದೆ ಡಬ್ಬಿಯ ಮೇಲೆ ಹೇಳಿದಷ್ಟು ನಿಮಿಷಕ್ಕೆ ತೊಳೆಯಿರಿ. ಉಳಿದದ್ದಕ್ಕೆ ಕ್ಲೇ ಬಾರ್, ಅಂದರೆ ಕೊಳೆಯನ್ನು ಎತ್ತಿಕೊಳ್ಳುವ ಮೆತ್ತನೆಯ ಜೇಡಿಯಂಥ ಉಂಡೆ. ಸಾಬೂನು ನೀರು ಹಾಕಿ ಜಾರುವಂತಿದ್ದಾಗ ಮಾತ್ರ ಓಡಿಸಿ, ಕೆಳಗೆ ಬಿದ್ದರೆ ಆ ತುಂಡನ್ನು ಎಸೆದುಬಿಡಿ. ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿ ಕಡೆ ಹಾರುಬೂದಿಯ ಕಾಟ. ಅಲ್ಲಿ ಒಣ ಬಟ್ಟೆಯಲ್ಲಿ ಒರೆಸುವುದೇ ಗೀರಿಗೆ ಮೂಲ, ಮೊದಲು ಧಾರಾಳ ನೀರು ಬಿಡಿ.

ಕೊನೆಗೆ ಒಡೆದ ಜಾಗದ ಪಕ್ಕದ ಒಂದು ಅಡಿಯನ್ನು ಕಾಂಪೌಂಡ್ ಹಾಕಿ ಪಾಲಿಶ್ ಮಾಡಿ. ನೀವು ಹೊಂದಿಸಬೇಕಾದ ಬಣ್ಣ ಈಗ ಕಾಣುವುದು.

ಹಂತ 4: ಎಲ್ಲಿ, ಏನು ಕೊಳ್ಳಬೇಕು

ಅದಿರು ಲಾರಿ, ಟಿಪ್ಪರುಗಳ ಹಿಂದೆ ಹೋಗಿ ಕಲ್ಲೇಟು ತಿಂದ ಚುಕ್ಕೆಗಳಿಗೆ ಸ್ಪ್ರೇ ಬೇಡವೇ ಬೇಡ. ಶೋರೂಮಿನಲ್ಲಿ ಬ್ರಷ್ ಇರುವ ಟಚ್‌ಅಪ್ ಪೆನ್ ಕೇಳಿ, ಹಲ್ಲುಕಡ್ಡಿಯ ತುದಿಯಲ್ಲಿ ಅದ್ದಿ ಗುಂಡಿ ತುಂಬುವಷ್ಟು ಹನಿ ಇಡಿ.

ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಸ್ಪ್ರೇ ಡಬ್ಬಿಗಳು ಕಾರಿನ ಕೋಡಿಗೆ ಕಲಸಿದವಲ್ಲ. ಮುಚ್ಚಳದ ಬಣ್ಣ ನೋಡಿ ಗಾಡಿಗೆ ಹೋಲಿಸಿದರೆ ಮೋಸ ಹೋಗುತ್ತೀರಿ, ಏಕೆಂದರೆ ಮುಚ್ಚಳ ಬಣ್ಣದ ಪ್ಲಾಸ್ಟಿಕ್ಕಿನದು, ಒಳಗಿನ ಪೇಂಟ್ ಹೊಡೆದದ್ದಲ್ಲ. ಅಲ್ಲಿಂದ ಪ್ರೈಮರ್, ಕ್ಲಿಯರ್, ಮೇಲೆ ಹೇಳಿದ ವೀಲ್ ಸಿಲ್ವರ್, ಮ್ಯಾಟ್ ಬ್ಲ್ಯಾಕ್ ಮಾತ್ರ ತನ್ನಿ.

ಬಾಡಿಯ ಬಣ್ಣಕ್ಕೆ ಹೋಗಬೇಕಾದದ್ದು ಆಟೊ ರಿಫಿನಿಶ್ ಪೇಂಟ್, ಅಂದರೆ ಗಾಡಿಗೆ ಮತ್ತೆ ಹೊಡೆಯುವ ಬಣ್ಣ, ಕಲಸಿಕೊಡುವ ಅಂಗಡಿಗೆ. ಟಿಂಕರಿಂಗ್, ಪೇಂಟಿಂಗ್ ಗ್ಯಾರೇಜುಗಳ ಸಾಲಿನಲ್ಲಿ ಯಾವ ಪೇಂಟರನ್ನು ಕೇಳಿದರೂ ತಾವು ಎಲ್ಲಿಂದ ತರುತ್ತೇವೆಂದು ಹೇಳುತ್ತಾರೆ. ಆ ಅಂಗಡಿಯವರು ಕೋಡ್ ಹಾಕಿ ಕಂಪ್ಯೂಟರಿನಿಂದ ಫಾರ್ಮುಲಾ ತೆಗೆದು, ಟಿಂಟರ್‌ಗಳನ್ನು ಅಂದರೆ ಮೂಲ ಬಣ್ಣಗಳನ್ನು, ಗ್ರಾಂ ಲೆಕ್ಕದಲ್ಲಿ ತೂಗಿ ಕಲಸುತ್ತಾರೆ. ಅಲ್ಲಿ ಹೀಗೆ ಕೇಳಿ:

"ಈ ಕೋಡಿಗೆ ವೇರಿಯಂಟ್ ಎಷ್ಟು ಅದಾವ್ರಿ?" ಒಂದೇ ಕೋಡಿಗೆ ಮೂಲ ಫಾರ್ಮುಲಾ ಅಲ್ಲದೆ ಸ್ವಲ್ಪ ತಿಳಿ, ಸ್ವಲ್ಪ ನೀಲಿ, ಸ್ವಲ್ಪ ದಪ್ಪ ಕಣದ ಉಪಫಾರ್ಮುಲಾಗಳಿರುತ್ತವೆ. ಬೇರೆ ಬೇರೆ ವರ್ಷ, ಬೇರೆ ಬೇರೆ ಫ್ಯಾಕ್ಟರಿಯಿಂದ ಬಂದ ಗಾಡಿಗಳು ಒಂದೇ ತರ ಇರದ ಕಾರಣ ಇವು ಹುಟ್ಟಿದವು. ಅಂಗಡಿಯಲ್ಲಿ ಕಲರ್ ಚಿಪ್‌ಗಳ (ಬಣ್ಣದ ಮಾದರಿ ತುಂಡುಗಳ) ಕಟ್ಟು ಇದ್ದರೆ ತೆರೆಸಿ, ಗಾಡಿಗೆ ಹಿಡಿದು ಆರಿಸಿ. ಗಾಡಿಯನ್ನೇ ಅಂಗಡಿ ಮುಂದೆ ನಿಲ್ಲಿಸುವುದು ಉತ್ತಮ. ಆಗದಿದ್ದರೆ ಪೆಟ್ರೋಲ್ ಟ್ಯಾಂಕಿನ ಹೊರಮುಚ್ಚಳ ಬಿಚ್ಚಿ ತನ್ನಿ. ಮೊಬೈಲಿನ ಫೋಟೊ ತೋರಿಸಿ ಬಣ್ಣ ಕೇಳುವುದು ವ್ಯರ್ಥ.

"ಡಬ್ಬಿಗೆ ತುಂಬಿ ಕೊಡ್ತೀರೇನ್ರಿ?" ಕಲಸಿದ ಪೇಂಟನ್ನು ಗ್ಯಾಸ್ ಇರುವ ಖಾಲಿ ಡಬ್ಬಿಗೆ ಒತ್ತಿ ತುಂಬುವ ಯಂತ್ರ ಎಲ್ಲ ಕಡೆ ಇರುವುದಿಲ್ಲ. ಇಲ್ಲದಿದ್ದರೆ ಎರಡು ದಾರಿ: ಕೋಡ್ ಕೊಟ್ಟು ಆನ್‌ಲೈನಿನಲ್ಲಿ ಕಲಸಿದ ಡಬ್ಬಿ ತರಿಸುವುದು, ಇಲ್ಲವೇ 100–200 ಮಿಲಿ ಪೇಂಟ್ ಕೊಂಡು ಗ್ಯಾರೇಜಿನವರ ಸ್ಪ್ರೇ ಗನ್ನಿನಲ್ಲಿ ಹೊಡೆಸುವುದು. ಸ್ಪ್ರೇ ಡಬ್ಬಿ ವಿಮಾನದ ಪಾರ್ಸೆಲ್ಲಿನಲ್ಲಿ ಸುಲಭವಾಗಿ ಹೋಗುವುದಿಲ್ಲ, ರಸ್ತೆಯಲ್ಲೇ ಬರಬೇಕು. ಹಾಗಾಗಿ ಕೆಲವು ದಿನ ಮೊದಲೇ ಹೇಳಿ. ಆನ್‌ಲೈನಿನವರು ಕೋಡಿಗೆ ಕಲಸುತ್ತಾರೆಯೇ ಹೊರತು ಬಿಸಿಲು ತಿಂದ ನಿಮ್ಮ ಗಾಡಿಗಲ್ಲ, ಅದೊಂದು ನೆನಪಿರಲಿ.

ಪ್ರಮಾಣ: ಒಂದು ಮಿರರ್ ಕವರ್ ಅಥವಾ ಬಂಪರಿನ ಮೂಲೆಗೆ 400 ಮಿಲಿಯ ಬಣ್ಣದ ಡಬ್ಬಿ ಒಂದು, ಕ್ಲಿಯರ್ ಒಂದು, ಪ್ರೈಮರ್ ಒಂದು. ಇಡೀ ಬಂಪರಿಗೆ ಬಣ್ಣ ಎರಡು, ಕ್ಲಿಯರ್ ಎರಡು. ಡಬ್ಬಿಯಲ್ಲಿ ಬಹುಪಾಲು ಗ್ಯಾಸು, ಥಿನ್ನರ್ ಇರುವುದರಿಂದ ಅಂದುಕೊಂಡಷ್ಟು ಜಾಗ ಮುಚ್ಚುವುದಿಲ್ಲ. ಕೆಂಪು, ಹಳದಿಗೆ ಮುಚ್ಚುವ ಶಕ್ತಿ ಇನ್ನೂ ಕಡಿಮೆ. ಬೇಕಾದಷ್ಟನ್ನೂ ಒಂದೇ ಸಲ ಕಲಸಿಸಿ, ಎರಡನೇ ಸಲ ಕಲಸಿದ್ದು ಮೊದಲಿನದಕ್ಕೆ ಪೂರ್ತಿ ಹೊಂದುವ ಭರವಸೆಯಿಲ್ಲ.

ತಂದ ಡಬ್ಬಿಗಳನ್ನು ಗಾಡಿಯಲ್ಲಿ ಬಿಟ್ಟು ಹೋಗಬೇಡಿ. 50 ಡಿಗ್ರಿಗಿಂತ ಮೇಲೆ ಇಡಬಾರದೆಂದು ಡಬ್ಬಿಯ ಮೇಲೇ ಬರೆದಿರುತ್ತದೆ. ಏಪ್ರಿಲ್, ಮೇ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಗಾಡಿಯೊಳಗೆ ಅಷ್ಟು ಬೇಗನೆ ದಾಟುತ್ತದೆ, ಡಬ್ಬಿ ಸಿಡಿಯಬಹುದು.

ಹಂತ 5: ಪರೀಕ್ಷೆಯ ಪಟ್ಟಿ

ಎರಡು ತುಂಡು ತಗಡು ಅಥವಾ ದಪ್ಪ ರಟ್ಟು ತೆಗೆದುಕೊಳ್ಳಿ. ಗಾಡಿಗೆ ಹೊಡೆಯುವ ಅದೇ ಪ್ರೈಮರ್ ಹೊಡೆದು ಒಣಗಿಸಿ. ಒಂದು ತುಂಡಿಗೆ ಬಣ್ಣ ಎರಡು ಕೈ, ಇನ್ನೊಂದಕ್ಕೆ ಮೂರು ಕೈ. ಆರಿದ ಮೇಲೆ ಎರಡಕ್ಕೂ ಅರ್ಧ ಭಾಗಕ್ಕೆ ಮಾತ್ರ ಕ್ಲಿಯರ್. ಬೇಸ್ ಬಣ್ಣ ಒಣಗಿದಾಗ ಮಂಕಾಗಿ ತಿಳಿಯಾಗುತ್ತದೆ, ಕ್ಲಿಯರ್ ಬಿದ್ದ ಕೂಡಲೇ ಗಾಢವಾಗುತ್ತದೆ. ಕ್ಲಿಯರ್ ಇಲ್ಲದ ಭಾಗ ನೋಡಿ "ಕೂಡಲಿಲ್ಲ" ಎಂದು ಅಂಗಡಿಗೆ ಜಗಳಕ್ಕೆ ಹೋಗುವವರು ಬಹಳ.

ಪೂರ್ತಿ ಒಣಗಿದ ಪಟ್ಟಿಯನ್ನು ಪ್ಯಾನೆಲ್ಲಿಗೆ ತಾಗಿಸಿ, ಅದೇ ಓರೆಯಲ್ಲಿ ಹಿಡಿಯಿರಿ. ಬೆಳಿಗ್ಗೆ 8ರಿಂದ 10ರ ಬೆಳಕಿನಲ್ಲಿ, ನೆರಳಿನಲ್ಲಿ ನಿಂತು ನೋಡಿ. ನೆತ್ತಿಯ ಬಿಸಿಲು ಕಣ್ಣು ಕೋರೈಸುತ್ತದೆ, ಟ್ಯೂಬ್‌ಲೈಟ್, ಎಲ್‌ಇಡಿ ಬೆಳಕಿನಲ್ಲಿ ಹೊಂದಿದ ಬಣ್ಣ ಹಗಲಲ್ಲಿ ಬೇರೆ ಕಾಣಬಹುದು. ಮೊದಲು ನೇರವಾಗಿ ನೋಡಿ, ಆಮೇಲೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಮೆಟಾಲಿಕ್ ಬಣ್ಣ ನೇರದಲ್ಲಿ ಹೊಂದಿ ಓರೆಯಲ್ಲಿ ಕೈಕೊಡುವುದು ಸಾಮಾನ್ಯ.

ಈಗ ತೀರ್ಮಾನ. ಮೆಟಾಲಿಕ್‌ನಲ್ಲಿ ಬಣ್ಣ ಸರಿಯಿದ್ದು ಬರೀ ತಿಳಿ ಅಥವಾ ಗಾಢವಾಗಿದ್ದರೆ ಹೊಡೆಯುವ ಕೈಯಲ್ಲೇ ತಿದ್ದಬಹುದು. ಹತ್ತಿರದಿಂದ ಒದ್ದೆಯಾಗಿ ಹೊಡೆದರೆ ಅಲ್ಯೂಮಿನಿಯಂ ಕಣಗಳು ಕೆಳಗಿಳಿದು ಬಣ್ಣ ಗಾಢವಾಗುತ್ತದೆ. ದೂರದಿಂದ ಒಣಒಣವಾಗಿ ಹೊಡೆದರೆ ಕಣಗಳು ಮೇಲೆಯೇ ನಿಂತು ತಿಳಿಯಾಗುತ್ತದೆ. ನಮ್ಮ ಬಿಸಿಲಿನಲ್ಲಿ ಹೊಡೆದ ಸಿಲ್ವರ್ ಯಾವಾಗಲೂ ತಿಳಿಯಾಗಿ ಬರುವುದು ಇದಕ್ಕೇ: ಹನಿ ಪ್ಯಾನೆಲ್ ಮುಟ್ಟುವ ಹೊತ್ತಿಗೆ ಅರ್ಧ ಒಣಗಿರುತ್ತದೆ. ಆದರೆ ಬಣ್ಣ ಹಸಿರಿಗೋ ಹಳದಿಗೋ ಕೆಂಪಿಗೋ ತಿರುಗಿದ್ದರೆ ಕೈಚಳಕದಿಂದ ಆಗುವುದಿಲ್ಲ. ಪಟ್ಟಿಯನ್ನು ಅಂಗಡಿಗೆ ಒಯ್ದು "ಸ್ವಲ್ಪ ಹಳದಿ ಕಡಿ ಐತ್ರಿ, ತಿದ್ದಿ ಕೊಡ್ರಿ" ಎನ್ನಿ. ಡಬ್ಬಿಗೆ ತುಂಬಿದ ಮೇಲೆ ತಿದ್ದಲಾಗದು. ಸಾಧ್ಯವಿದ್ದರೆ ತುಂಬುವ ಮುಂಚೆಯೇ ಅಂಗಡಿಯಲ್ಲಿ ಒಂದು ಪಟ್ಟಿ ಎಳೆಸಿ ನೋಡಿ.

ಹಂತ 6: ಜಾಗ ಸಿದ್ಧಪಡಿಸುವುದು

ಒಡೆದ ಅಂಚನ್ನು 400 ನಂಬರಿನ ವಾಟರ್ ಪೇಪರಿನಲ್ಲಿ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ, ನಂಬರ್ ಹೆಚ್ಚಿದಷ್ಟೂ ನಯ) ನೀರು ಹಾಕಿ ಉಜ್ಜಿ, ಬೆರಳಿಗೆ ಮೆಟ್ಟಿಲು ಸಿಗದಷ್ಟು ಇಳಿಜಾರು ಮಾಡಿ. ಆಳದ ಗೀರಿಗೆ ಪುಟ್ಟಿ ತೆಳ್ಳಗೆ. ತಗಡು ಕಂಡಿದ್ದರೆ ಅದೇ ದಿನ ಪ್ರೈಮರ್ ಹೊಡೆಯಿರಿ.

ಪ್ಲಾಸ್ಟಿಕ್ ಬಂಪರಿನ ವಿಷಯ ಬೇರೆ. ಬಂಪರ್ ಒಳಮೈಯಲ್ಲಿ ಪಿಪಿ ಎಂಬ ಅಕ್ಷರ ಅಚ್ಚಾಗಿದ್ದರೆ ಅದು ಪಾಲಿಪ್ರೊಪಿಲೀನ್, ಅದರ ಮೇಲೆ ಸಾಮಾನ್ಯ ಪ್ರೈಮರ್ ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಕಂಡ ಕಡೆಯೆಲ್ಲ ಮೊದಲು ಪ್ಲಾಸ್ಟಿಕ್ ಪ್ರೈಮರ್ ತೆಳ್ಳಗೆ ಹೊಡೆಯಿರಿ. ಇದನ್ನು ಬಿಟ್ಟ ಬಂಪರುಗಳೇ ಕೆಲವು ತಿಂಗಳಲ್ಲಿ ಹಪ್ಪಳದಂತೆ ಸಿಪ್ಪೆ ಬಿಡುವುದು, ವಾಷಿಂಗ್ ಸೆಂಟರಿನ ಪ್ರೆಶರ್ ನೀರು ಬಿದ್ದರಂತೂ ಅಂದೇ.

ಪ್ರೈಮರ್ ಒಣಗಿದ ಮೇಲೆ 800 ನಂಬರಿನಲ್ಲಿ, ಮೆಟಾಲಿಕ್ ಆದರೆ 1000ದಲ್ಲಿ ನಯ ಮಾಡಿ. ಒರಟು ಪೇಪರಿನ ಗೀರು ಸಿಲ್ವರಿನಡಿ ಅಚ್ಚಾಗಿ ಕಾಣುತ್ತದೆ. ಪಕ್ಕದ ಹಳೆ ಬಣ್ಣದ ಹೊಳಪನ್ನೂ ಒಂದು ಗೇಣು 1500ರಲ್ಲಿ ಮಂಕು ಮಾಡಿ.

ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ವ್ಯಾಕ್ಸ್ ತೆಗೆಯುವ ದ್ರವದಲ್ಲಿ ಒರೆಸಿ. ಸೀಮೆಎಣ್ಣೆ, ಪೆಟ್ರೋಲ್ ಬೇಡ, ಜಿಡ್ಡು ಉಳಿಯುತ್ತದೆ. ಡ್ಯಾಶ್‌ಬೋರ್ಡ್ ಪಾಲಿಶ್, ಟೈರ್ ಪಾಲಿಶಿನ ಸಿಲಿಕೋನ್ ಒಂದು ಹನಿ ತಾಗಿದ್ದರೂ ಪೇಂಟ್ ಅಲ್ಲಲ್ಲಿ ಹಿಂದೆ ಸರಿದು ಸಣ್ಣ ಗುಂಡಿಗಳಾಗುತ್ತವೆ. ಪೇಂಟರುಗಳು ಇದಕ್ಕೆ ಫಿಶ್ ಐ ಎನ್ನುತ್ತಾರೆ. ಮಾಸ್ಕಿಂಗ್ ಟೇಪನ್ನು ಬಣ್ಣ ನಿಲ್ಲಬೇಕಾದ ಕಡೆ ಒತ್ತಿ ಅಂಟಿಸದೆ, ಅಂಚನ್ನು ಹಿಂದಕ್ಕೆ ಸುರುಳಿ ಮಾಡಿ ಬಿಡಿ. ಇಲ್ಲದಿದ್ದರೆ ಗೆರೆ ಬೀಳುತ್ತದೆ.

ಹಂತ 7: ಹೊಡೆಯುವುದು

ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಅಂಗೈ ಇಟ್ಟಾಗ ಪ್ಯಾನೆಲ್ ಬಿಸಿ ಎನಿಸಿದರೆ ಅಂದು ಬೇಡ. ಆಷಾಢದ ಗಾಳಿಯಲ್ಲಿ ಬಯಲಲ್ಲಿ ಹೊಡೆಯುವ ಮಾತೇ ಇಲ್ಲ. ಶೆಡ್ಡಿನೊಳಗೆ ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ, ಕಿಟಕಿ ತೆರೆದಿರಲಿ. ಹತ್ತಿರ ಒಲೆ, ದೀಪ, ಬೀಡಿ ಏನೂ ಇರಬಾರದು. ಮಳೆಯ ತೇವದ ದಿನ ಕ್ಲಿಯರ್ ಹಾಲಿನಂತೆ ಬೆಳ್ಳಗಾಗುತ್ತದೆ, ಒಣ ದಿನಕ್ಕೆ ಕಾಯಿರಿ.

ಒಳಗಿನ ಗುಂಡು ಕೇಳಿಸಲು ಶುರುವಾದ ಮೇಲೆ ಎರಡು ಮೂರು ನಿಮಿಷ ಡಬ್ಬಿ ಕುಲುಕಿ. ಮೆಟಾಲಿಕ್ ಕಣಗಳು ತಳದಲ್ಲಿ ಕೂತಿರುತ್ತವೆ, ಕುಲುಕದೆ ಹೊಡೆದರೆ ಹಂತ 5ರ ಶ್ರಮವೆಲ್ಲ ದಂಡ. ಮೊದಲ ಚಿಮ್ಮನ್ನು ರಟ್ಟಿನ ಮೇಲೆ ಬಿಡಿ. ದೂರ 20–25 ಸೆಂ.ಮೀ. ಕೈ ಪ್ಯಾನೆಲ್ಲಿಗೆ ಸಮಾನಾಂತರವಾಗಿ ಚಲಿಸಲಿ, ಮಣಿಕಟ್ಟು ತಿರುಗಿಸಿ ಬೀಸಬೇಡಿ. ಭಾಗದ ಹೊರಗೆ ಒತ್ತಲು ಶುರುಮಾಡಿ, ಆಚೆ ದಾಟಿ ಬಿಡಿ, ಪ್ರತಿ ಸಾಲು ಹಿಂದಿನದರ ಅರ್ಧ ಮುಚ್ಚಲಿ. ತೆಳು ಮೂರು ನಾಲ್ಕು ಕೈ, ನಡುವೆ ಹತ್ತು ನಿಮಿಷ. ಪ್ರತಿ ಕೈಗೂ ಹೊರಗೆ ಎರಡು ಬೆರಳು ಹೆಚ್ಚು ಹರಡುತ್ತ ಹೋದರೆ ಹೊಸದು ಹಳೆಯದರಲ್ಲಿ ಕರಗುತ್ತದೆ. ಮೊದಲ ಕೈಗೇ ಮುಚ್ಚಬೇಕೆಂಬ ಆತುರದಲ್ಲೇ ಪೇಂಟ್ ಸೋರುವುದು. ಸೋರಿದರೆ ಒರೆಸಬೇಡಿ. ಒಣಗಲು ಬಿಟ್ಟು 1000ದಲ್ಲಿ ಇಳಿಸಿ ಮತ್ತೆ ಹೊಡೆಯಿರಿ. ಕೆಳಗಿನ ಹಳೆ ಪೇಂಟ್ ಸುಕ್ಕುಗಟ್ಟಿ ಮೇಲೆದ್ದರೆ ಅದು ಹಿಂದೆ ಯಾರೋ ಹೊಡೆಸಿದ ಅಗ್ಗದ ಎನಾಮೆಲ್. ಅಷ್ಟನ್ನೂ ಕೆರೆದು ಪ್ರೈಮರ್‌ನಿಂದ ಶುರುಮಾಡುವುದೊಂದೇ ದಾರಿ.

ಹಂತ 8: ಕ್ಲಿಯರ್ ಮತ್ತು ಆಮೇಲೆ

ಬೇಸ್ ಮಂಕಾಗಿ ಒಣಗಿದ ಮೇಲೆ, ಡಬ್ಬಿ ಹೇಳುವ ಅವಧಿಯೊಳಗೆ ಕ್ಲಿಯರ್ ಎರಡು ಮೂರು ಕೈ. ಮೊದಲನೆಯದು ಮಂಜಿನಷ್ಟೇ, ಉಳಿದವು ಒದ್ದೆಯಾಗಿ. ಕ್ಲಿಯರ್ ಬಣ್ಣಕ್ಕಿಂತ ಅಗಲ ಹೋಗಬೇಕು.

ಕ್ಲಿಯರಿನಲ್ಲಿ ಎರಡು ಬಗೆ. 1ಕೆ ಎಂದರೆ ಒಂದೇ ದ್ರವ, ಗಾಳಿಗೆ ಒಣಗುವಂಥದ್ದು. ಅಗ್ಗ, ಆದರೆ ಪೆಟ್ರೋಲ್ ಚೆಲ್ಲಿದರೆ ಕರಗುತ್ತದೆ, ಹಾಗಾಗಿ ಟ್ಯಾಂಕಿನ ಸುತ್ತ ಬೇಡ. 2ಕೆಯಲ್ಲಿ ಹಾರ್ಡನರ್ ಬೇರೆ ಇರುತ್ತದೆ, ಡಬ್ಬಿಯ ತಳದ ಗುಂಡಿ ಒತ್ತಿದಾಗ ಸೇರುತ್ತದೆ. ಗಟ್ಟಿ, ಹೊಳಪೂ ಹೆಚ್ಚು. ಒಮ್ಮೆ ಒತ್ತಿದ ಡಬ್ಬಿ ಒಂದೆರಡು ದಿನದಲ್ಲಿ ಒಳಗೇ ಗಟ್ಟಿಯಾಗುತ್ತದೆ. ಅದರ ಹಾರ್ಡನರಿನಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಐಸೊಸಯನೇಟ್ ಇರುತ್ತದೆ. ಕರವಸ್ತ್ರ, ಕೊರೊನಾ ಕಾಲದ ಮಾಸ್ಕ್ ಇದನ್ನು ತಡೆಯುವುದಿಲ್ಲ. ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್, ಕೈಗವಸು ಇಲ್ಲದಿದ್ದರೆ 2ಕೆ ಮುಟ್ಟಬೇಡಿ. ಆಸ್ತಮಾ ಇರುವವರು ಮಾಸ್ಕ್ ಇದ್ದರೂ ದೂರವಿರಿ.

ಒಂದು ದಿನ ಮುಟ್ಟದೆ ಬಿಡಿ, ಒಂದು ವಾರ ತೊಳೆಯಬೇಡಿ, ಒಂದು ತಿಂಗಳು ವ್ಯಾಕ್ಸ್ ಬೇಡ. ಎರಡು ಮೂರು ದಿನದ ಮೇಲೆ ಕಿತ್ತಳೆ ಸಿಪ್ಪೆಯಂಥ ಉಬ್ಬುತಗ್ಗು, ಅಂಚಿನ ಒರಟು ಕಂಡರೆ 2000 ನಂಬರಿನ ಪೇಪರ್ ಸಾಬೂನು ನೀರಿನಲ್ಲಿ ಹಗುರವಾಗಿ ಓಡಿಸಿ, ಕಾಂಪೌಂಡ್ ಹಾಕಿ. ಅಂಚಿನಿಂದ ಹೊಸ ಬಣ್ಣದ ಕಡೆಗೆ ಉಜ್ಜಬೇಡಿ, ಹೊಸದರಿಂದ ಹಳೆಯದರ ಕಡೆಗೆ ಉಜ್ಜಿ. ಇಲ್ಲದಿದ್ದರೆ ಅಂಚು ಎದ್ದುಬರುತ್ತದೆ.

ಉಳಿದ ಬಣ್ಣದ ಡಬ್ಬಿಯನ್ನು ತಲೆಕೆಳಗು ಮಾಡಿ ಬರೀ ಗ್ಯಾಸ್ ಬರುವವರೆಗೆ ಒತ್ತಿ ನಳಿಕೆ ಶುಚಿ ಮಾಡಿ. ಅದರ ಮೇಲೆ ಟೇಪ್ ಅಂಟಿಸಿ ಕೋಡ್, ವೇರಿಯಂಟ್, ಕಲಸಿದ ದಿನಾಂಕ ಬರೆದು, ಹೊಂದಿದ ಪರೀಕ್ಷೆಯ ಪಟ್ಟಿಯನ್ನು ಜೊತೆಗೆ ಕಟ್ಟಿ ಮನೆಯ ತಂಪು ಮೂಲೆಯಲ್ಲಿಡಿ.